ಕಾಳೀತರಣ ಮೀಮಾಂಸೆ

ಬೆನ್ನಿಗೆ ಚೀಲ ಏರಿಸಿ, ಸಿಕ್ಕಲ್ಲಿ ಉಂಡು, ಅಗ್ಗದ ಹಾಸಿಗೆ ದೊರೆತಲ್ಲಿ ಮಲಗಿ, ಸರ್ಕಾರಿ ಬಸ್ಸಿನಲ್ಲಿ ಊರಿಂದೂರಿಗೆ ಅಲೆಯುವುದನ್ನು ಹಿಂದಿನವರು ಪರಿವ್ರಾಜಕವೃತ್ತಿ ಎಂದರು, ಇಂದಿನವರು ಬ್ಯಾಕ್‌ಪ್ಯಾಕಿಂಗ್ ಎನ್ನುತ್ತಾರೆ. ಹಿಂದಿನ ವೃತ್ತಿಯಲ್ಲಿ ಸ್ನೇಹಿತನನ್ನು ಜೊತೆಗೆ ಕರೆದೊಯ್ಯುವ ವಿಧಿ ಇರಲಿಲ್ಲವಾದ್ದರಿಂದ ಅದರಿಂದ ವೈರಾಗ್ಯ ಹುಟ್ಟುವುದು ಸ್ವಲ್ಪ ತಡವಾಗುತ್ತಿತ್ತು. ಇಂದಿನ ವೃತ್ತಿಯಲ್ಲಿರುವ ಮಿತ್ರದ್ವಯವು ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಗಣೇಶಗುಡಿಗೆ ಬಂದು, ಕಾಳೀನದಿಯ ಮೇಲೆ ಗಾಳಿ ತುಂಬಿದ ತೆಪ್ಪದಲ್ಲಿ ಒಂದು ಹಗಲು ಕಳೆಯುವ ಕ್ರಿಯೆಯೇ ಪ್ರಸ್ತುತ ಶಾಸ್ತ್ರದ ವಿಷಯ. ಈಜು ಬಾರದವನಿಗೂ ಇದರಲ್ಲಿ ಅಧಿಕಾರವಿದೆ, ಏಕೆಂದರೆ ಲೈಫ್ ಜಾಕೆಟ್ ಎಂಬ ಕವಚವು ಧರಿಸಿದವನ ಅರ್ಹತೆಯನ್ನು ವಿಚಾರಿಸದೆ ತೇಲಿಸುತ್ತದೆ.

ನದಿಯ ಸ್ವರೂಪವನ್ನು ಮೊದಲು ನಿರ್ಣಯಿಸಬೇಕು. ಸಹ್ಯಾದ್ರಿಯ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಕಡಲು ಸೇರುವ ಕಾಳಿಯು ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿಗೆ ಸಿಲುಕಿ ನಿಲ್ಲುತ್ತದೆ. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಎಂಬ ಊರೇ ಈ ಜಲಾಶಯದಲ್ಲಿ ಮುಳುಗಿ, ಕಚೇರಿಗಳು ಜೊಯಿಡಾಕ್ಕೆ ಹೋದವು. ತೆಪ್ಪ ಏರುವವರಿಗೆ ಈ ಅಧ್ಯಾಯದಲ್ಲಿ ಪರೀಕ್ಷೆ ಇರುವುದಿಲ್ಲ. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವ್ಯಾಟಿನ ಎರಡು ವಿದ್ಯುದ್ಯಂತ್ರಗಳಿದ್ದು, ಅವನ್ನು ತಿರುಗಿಸಿ ಹೊರಬಿದ್ದ ನೀರೇ ಕೆಳಗಿನ ಸಾಹಸಕ್ಕೆ ಆಧಾರ. ಇಲ್ಲಿ ಪೂರ್ವಪಕ್ಷಿಯು, ನದಿಯ ರಭಸಕ್ಕೆ ಪ್ರಕೃತಿಯೇ ಕಾರಣ, ಆದ್ದರಿಂದಲೇ ತೆಪ್ಪಯಾನವು ಪ್ರಕೃತಿಯೊಡನೆ ಮಾನವನ ಹೋರಾಟ ಎನ್ನುತ್ತಾನೆ. ಅದು ಸಲ್ಲದು. ಮಳೆಗಾಲದಲ್ಲಿ ಪ್ರಕೃತಿಯು ಪೂರ್ಣಬಲದಿಂದಿರುವಾಗ ರ‍್ಯಾಫ್ಟಿಂಗನ್ನು ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಅಣೆಕಟ್ಟಿಲ್ಲದ ಹೊಳೆಗಳು ಬಂಡೆ ತೋರಿಸಿ ಮಲಗಿರುವಾಗ, ವಿದ್ಯುತ್ತಿಗೆ ಬೇಡಿಕೆ ಬಂತೆಂದರೆ ಇಲ್ಲಿ ನೀರು ಬಿಡುತ್ತಾರೆ. ಆದ್ದರಿಂದ ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರ ಕ್ರಮದಲ್ಲೇ, ಗಣೇಶಗುಡಿಯ ಅಲೆಯನ್ನು ಕಂಡು ದೂರದ ಪಟ್ಟಣಗಳಲ್ಲಿ ಫ್ಯಾನು ತಿರುಗುತ್ತಿರುವುದನ್ನು ಊಹಿಸಬಹುದು. ಮಿತ್ರರಿಬ್ಬರು ತಮ್ಮ ಬಾಡಿಗೆ ಕೋಣೆಯ ಫ್ಯಾನನ್ನು ಆರಿಸದೆ ಬಂದಿದ್ದಲ್ಲಿ, ತಮ್ಮನ್ನು ನೀರಿಗೆ ಕೆಡಹುವ ಅಲೆಗೆ ಅವರೂ ಅಲ್ಪಾಂಶದಲ್ಲಿ ಕರ್ತೃಗಳು.

ರ‍್ಯಾಪಿಡ್ ಎಂದರೆ ಇಳಿಜಾರಿನಲ್ಲಿ ಬಂಡೆಗಳಿಗೆ ಬಡಿದು ನೀರು ನೊರೆಯೆದ್ದು ನುಗ್ಗುವ ಜಾಗ. ಇದನ್ನು ಜಗತ್ತಿನಾದ್ಯಂತ 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. 6 ಎಂದರೆ ಬಹುಮಟ್ಟಿಗೆ ಹೋಗಬಾರದ್ದು. ಕಾಳಿಯವು ಹೆಚ್ಚಾಗಿ 2 ಮತ್ತು 3ರಲ್ಲಿ ನಿಲ್ಲುತ್ತವಾದರೂ ಮನೆಗೆ ಮರಳಿದ ಮೇಲೆ ದರ್ಜೆಯು ತಾನಾಗಿಯೇ ಏರುವುದುಂಟು.

ಉಪಕರಣಗಳಲ್ಲಿ ತೆಪ್ಪವೇ ಹೆಚ್ಚು ವಿಚಾರಾರ್ಹ. ಒಳಬಂದ ನೀರು ತಾನೇ ಹೊರಹೋಗಲೆಂದು ಗಾಳಿ ತುಂಬಿದ ತಳದ ಅಂಚಿನುದ್ದಕ್ಕೂ ತೂತುಗಳಿರುತ್ತವೆ. ತೂತಿನ ದೋಣಿ ಮುಳುಗುತ್ತದೆಂದು ಬಾಲ್ಯದಿಂದ ನಂಬಿದವನು ಇದನ್ನು ಕಂಡೊಡನೆ ಹಣ ವಾಪಸು ಕೊಡುತ್ತಾರೆಯೇ ಎಂದು ವಿಚಾರಿಸುವುದು ಸಹಜ. ಕೂರುವುದು ಒಳಗಲ್ಲ, ದುಂಡನೆಯ ಅಂಚಿನ ಮೇಲೆ. ಪಾದವನ್ನು ಅಡ್ಡ ಕೊಳವೆಯ ಅಡಿಗೆ ತುರುಕಿಕೊಳ್ಳಬೇಕು. ಹುಟ್ಟಿನ ತುದಿಯ ಅಡ್ಡಹಿಡಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯದಿದ್ದರೆ ಮೊದಲ ಅಲೆಯಲ್ಲೇ ಅದು ಪಕ್ಕದವನ ಹಲ್ಲನ್ನು ಅರಸುತ್ತದೆ, ಮತ್ತು ಪಕ್ಕದವನು ಸಾಮಾನ್ಯವಾಗಿ ಸ್ನೇಹಿತನೇ ಆಗಿರುತ್ತಾನೆ.

ಹಿಂದೆ ಕುಳಿತ ಗೈಡ್ ಎಂಬ ಆಚಾರ್ಯನ ವಾಕ್ಯಗಳನ್ನು ಮೀಮಾಂಸಕರ ಕ್ರಮದಲ್ಲೇ ವಿಂಗಡಿಸಬಹುದು. ಮಾಡು ಎನ್ನುವುದು ವಿಧಿ: ಫಾರ್ವರ್ಡ್, ಬ್ಯಾಕ್‌ವರ್ಡ್. ಬೇಡ ಎನ್ನುವುದು ನಿಷೇಧ: ಸ್ಟಾಪ್. ತಾನು ಏನನ್ನೂ ವಿಧಿಸದೆ, ಹೊಗಳಿಯೋ ಹೆದರಿಸಿಯೋ ವಿಧಿಗೆ ಬಲ ತುಂಬುವುದು ಅರ್ಥವಾದ. ಮೈ ತೇಲಿಬಿಡಲು ನೀರಿಗಿಳಿಯಿರಿ ಎಂದ ಮರುಕ್ಷಣವೇ ಆತ ಎತ್ತುವ ಮೊಸಳೆಯ ಮಾತು ಈ ವರ್ಗಕ್ಕೆ ಸೇರಿದ್ದು. ಕೆಳಗೆ ದಾಂಡೇಲಿಯ ಹತ್ತಿರ ಮೊಸಳೆಗಳಿರುವುದು ನಿಜವಾದ್ದರಿಂದ ಈ ಅರ್ಥವಾದವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಇನ್ನು ಗೆಟ್ ಡೌನ್ ಎಂಬ ವಿಧಿಗೆ ತೆಪ್ಪದೊಳಗೆ ಕುಸಿದು ಕುಳಿತುಕೋ ಎಂದಷ್ಟೇ ಅರ್ಥವಿದ್ದರೂ, ಅದನ್ನು ಬಸ್ಸಿನ ರೂಢಿಯಂತೆ ಗ್ರಹಿಸಿ ಹೊರಗಿಳಿದವನು ರಕ್ಷಣೆಗೆಂದು ಎಸೆದ ಹಗ್ಗದ ಚೀಲ ಬಂದು ಮುಟ್ಟುವವರೆಗೆ ಶಬ್ದಾರ್ಥ ಸಂಬಂಧವನ್ನು ಚಿಂತಿಸಲು ಸಾಕಷ್ಟು ಅವಕಾಶ ಪಡೆಯುತ್ತಾನೆ.

ಈ ಶಾಸ್ತ್ರದ ಮುಖ್ಯ ಸಿದ್ಧಾಂತ ಇಷ್ಟು: ತೆಪ್ಪದಲ್ಲಿ ಕುಳಿತ ಪ್ರತಿಯೊಬ್ಬನಿಗೂ ತಾನು ಹುಟ್ಟು ಹಾಕಿದ್ದು ಪ್ರತ್ಯಕ್ಷ, ಸ್ನೇಹಿತ ಹಾಕದೇ ಇದ್ದದ್ದೂ ಪ್ರತ್ಯಕ್ಷ. ಪ್ರತ್ಯಕ್ಷಗಳೇ ಪರಸ್ಪರ ಕಾದಾಡುವಾಗ ಬೇರೆ ಪ್ರಮಾಣ ಬೇಕಾಗುತ್ತದೆ. ಅದಕ್ಕಾಗಿಯೇ ದಡದಲ್ಲಿ ವಿಡಿಯೊವನ್ನು ಪ್ರತ್ಯೇಕ ಶುಲ್ಕಕ್ಕೆ ಮಾರುತ್ತಾರೆ. ಒದ್ದೆ ಬಟ್ಟೆಯಲ್ಲಿ ದಾಂಡೇಲಿಯ ಬಸ್ಸಿಗೆ ಕಾಯುತ್ತ ಅದನ್ನು ಪರಿಶೀಲಿಸಿದಾಗ, ರ‍್ಯಾಪಿಡ್ ಬಂದ ಗಳಿಗೆಯಲ್ಲಿ ಇಬ್ಬರ ಹುಟ್ಟುಗಳೂ ಆಕಾಶದಲ್ಲಿರುವುದೂ, ಇಬ್ಬರ ಕಣ್ಣುಗಳೂ ಮುಚ್ಚಿರುವುದೂ, ಹಿಂದೆ ಆಚಾರ್ಯನೊಬ್ಬನೇ ನೀರು ಎಳೆಯುತ್ತಿರುವುದೂ ಸ್ಪಷ್ಟವಾಗುವುದರಿಂದ, ಉಭಯಪಕ್ಷಗಳೂ ಒಮ್ಮತದಿಂದ ವಿಡಿಯೊವನ್ನು ಅಳಿಸಿ, ದಡದಲ್ಲಿ ಹೆಲ್ಮೆಟ್ ಧರಿಸಿ ನಿಂತು ತೆಗೆಸಿಕೊಂಡ ಫೋಟೊವನ್ನಷ್ಟೇ ಸ್ಟೇಟಸ್ಸಿಗೆ ಹಾಕುತ್ತವೆ.