ಬೋರ್ಡುಮೌನ ಮೀಮಾಂಸೆ: ಒಂದು ತಾತ್ತ್ವಿಕ ಮುಖಾಮುಖಿ

ಪ್ರಸ್ತುತ ಪ್ರಬಂಧವು ಹವ್ಯಾಸಿಗಳ ಮೇಜಿನ ಮೇಲಿನ ಮೈಕ್ರೊಕಂಟ್ರೋಲರ್ ಬೋರ್ಡು ಮತ್ತು ಬೇಸಿಕ್ ಭಾಷೆಯ ಸಾಲುಗಳನ್ನು ಓದಿ ನಡೆಸುವ ಇಂಟರ್‌ಪ್ರಿಟರ್, ಇವೆರಡರ ನಡುವಿನ ಅನುಸಂಧಾನವನ್ನು ಅಥವಾ ಅದರ ಅಭಾವವನ್ನು ಮೌನ ಸಂಕಥನದ ನೆಲೆಯಲ್ಲಿ ಪರಿಶೀಲಿಸುತ್ತದೆ. ಅಧ್ಯಯನದ ವ್ಯಾಪ್ತಿ: ಆರ್ಡುಯಿನೊ ಊನೊ, ರಾಸ್ಪ್‌ಬೆರಿ ಪೈ ಪಿಕೊ, ಇಎಸ್‌ಪಿ32. ಅಧ್ಯಯನದ ಮಿತಿ: ಸಂಶೋಧಕನ ತಾಳ್ಮೆ.

ಮೊದಲು ಪೂರ್ವಸೂರಿಗಳ ಸ್ಮರಣೆ. 1964ರ ಮೇ 1ರ ಬೆಳಗಿನ ಜಾವ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ರೂಪಿಸಿದ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆ ಮೊದಲ ಸಲ ಓಡಿತು. ವಿಜ್ಞಾನ, ಗಣಿತ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರು ಕೈಗೆಟುಕಲಿ ಎಂಬುದು ಅವರ ಹಂಬಲ. ಪಂಡಿತರಿಗೆ ಇದು ರುಚಿಸಲಿಲ್ಲ. ಬೇಸಿಕ್ ಸೋಂಕಿದ ವಿದ್ಯಾರ್ಥಿಗಳ ಬುದ್ಧಿ ಮತ್ತೆ ಸರಿಹೋಗದಷ್ಟು ಊನವಾಗುತ್ತದೆ ಎಂಬರ್ಥದ ತೀರ್ಪನ್ನು 1975ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರ ಕೊಟ್ಟರು. ಆ ಊನ ತಟ್ಟಬೇಕಾದರೂ ಮೊದಲು ಬೋರ್ಡು ಬಾಯಿ ಬಿಡಬೇಕಲ್ಲ! ಈ ಅಂಶವನ್ನು ಅವರು ಪರಿಗಣಿಸಿದಂತಿಲ್ಲ.

ಬೋರ್ಡಿನ ಮೌನ ಸಪ್ತವಿಧ. ಮೊದಲನೆಯದು ತಂತುಮೂಲ ಮೌನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಬೋರ್ಡಿಗೆ ಮನೆಯ ಹಳೆ ಮೊಬೈಲಿನ ಯುಎಸ್‌ಬಿ ಕೇಬಲ್ ಹುಡುಕಿ ಚುಚ್ಚುವುದು ರೂಢಿ. ಅದರಲ್ಲಿ ನಾಲ್ಕು ತಂತಿ ಇರಬೇಕು: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಬರೀ ಚಾರ್ಜ್ ಮಾಡಲೆಂದು ತಯಾರಾದ ಅಗ್ಗದ ಕೇಬಲ್ಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣದು. ಬೋರ್ಡಿನ ದೀಪ ಬೇರೆ ಉರಿಯುತ್ತಿರುತ್ತದೆ. ಹೀಗಾಗಿ ಸಾಧಕ ಕೇಬಲ್ಲೊಂದನ್ನು ಬಿಟ್ಟು ಜಗತ್ತಿನ ಎಲ್ಲವನ್ನೂ ಅನುಮಾನಿಸುತ್ತಾನೆ.

ಎರಡನೆಯದು ಸಾರಥ್ಯಾಭಾವ ಮೌನ. ಊನೊದ ಅಗ್ಗದ ತದ್ರೂಪಿಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಹೆಚ್ಚಾಗಿ ಇರುವುದು ಸಿಎಚ್340 ಚಿಪ್. ಡ್ರೈವರ್ ಇಲ್ಲದ ಕಂಪ್ಯೂಟರಿಗೆ ಅದರ ಗುರುತು ಹತ್ತದು. ಮೂರನೆಯದು ವೇಗವೈಷಮ್ಯಜನ್ಯ ಪ್ರಲಾಪ. ಬೋರ್ಡು 9600 ಬಾಡ್‌ನಲ್ಲಿ ಹೇಳಿದ್ದನ್ನು ಕಂಪ್ಯೂಟರು 115200ರಲ್ಲಿ ಕೇಳಿಸಿಕೊಂಡರೆ ಪರದೆಯ ಮೇಲೆ ಉದುರುವ ಅಕ್ಷರಗಳನ್ನು ಯಾವ ಶಾಸನತಜ್ಞನೂ ಓದಲಾರ.

ನಾಲ್ಕನೆಯದು ಅತಿಸೂಕ್ಷ್ಮವಾದ ಪಂಕ್ತ್ಯಂತ ಮೌನ. ಊನೊಗೆ ಟೈನಿ ಬೇಸಿಕ್ ಎಂಬ ಪುಟ್ಟ ಇಂಟರ್‌ಪ್ರಿಟರ್ ತುಂಬಿಯಾಯಿತು. ಕಂಪ್ಯೂಟರಿನ ಸೀರಿಯಲ್ ಮಾನಿಟರ್ ಎಂಬ ಕಿಟಕಿಯಲ್ಲಿ 'ಪ್ರಿಂಟ್ 2+2' ಎಂದು ಬರೆದು ಎಂಟರ್ ಒತ್ತಿಯೂ ಆಯಿತು. ಉತ್ತರವಿಲ್ಲ. ಅದೇ ಕಿಟಕಿಯ ಪುಟ್ಟ ಪಟ್ಟಿಯೊಂದರಲ್ಲಿ 'ನೋ ಲೈನ್ ಎಂಡಿಂಗ್' ಎಂಬ ಆಯ್ಕೆ ಕೂತಿದೆ. ಎಂಟರ್ ಕೀಲಿ ಸಾಲನ್ನು ಕಳಿಸುತ್ತದೆ, ತಾನು ಜೊತೆಗೆ ಹೋಗುವುದಿಲ್ಲ. ಇತ್ತ ಇಂಟರ್‌ಪ್ರಿಟರ್ ಸಾಲು ಮುಗಿಯಿತೆಂಬ ಸಂಕೇತ, ಅಂದರೆ ಕ್ಯಾರೇಜ್ ರಿಟರ್ನಿನಂಥದ್ದು, ಬರಲಿ ಎಂದು ಕಾಯುತ್ತದೆ. ಕಾಯುತ್ತಲೇ ಇರುತ್ತದೆ. ಇಬ್ಬರೂ ತಂತಮ್ಮ ಧರ್ಮ ಪಾಲಿಸಿದ್ದಾರೆ. ತಪ್ಪು ಇದನ್ನು ಸೂಚನೆಯಲ್ಲಿ ಬರೆಯದೆ ಬಿಟ್ಟವನದು.

ಉಳಿದ ಮೂರನ್ನು ವಿಸ್ತಾರಭಯದಿಂದ ಬಿಡಲಾಗಿದೆ. ಏಳು ಎಂದದ್ದು, ಸೆಮಿನಾರುಗಳಲ್ಲಿ ನಾಲ್ಕಕ್ಕೆ ಬೆಲೆಯಿಲ್ಲವೆಂದು.

ಪಿಕೊ ಕೊಂಚ ಉದಾರಿ. ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಕೇಬಲ್ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳುತ್ತದೆ. ಆಸ್ಟ್ರೇಲಿಯದ ಜೆಫ್ ಗ್ರಹಾಂ 2011ರ ಪುಟ್ಟ ಕಂಪ್ಯೂಟರ್ ಮ್ಯಾಕ್ಸಿಮೈಟ್‌ಗಾಗಿ ಬರೆದ ಎಂಎಂಬೇಸಿಕ್ ಇದಕ್ಕೂ ಇಳಿದಿದೆ, ಪಿಕೊಮೈಟ್ ಎಂಬ ಹೆಸರಿನಲ್ಲಿ. ಅದರ ಫೈಲನ್ನು ಎಳೆದು ಹಾಕಿದರೆ ಡ್ರೈವ್ ಮಾಯವಾಗಿ, ಹಸಿರು ದೀಪ ಮಿನುಗತೊಡಗುತ್ತದೆ. ಒಂದು ಸಾಲೂ ಬರೆಯುವ ಮೊದಲೇ! ಇಂಟರ್‌ಪ್ರಿಟರ್ ತಾನು ಬದುಕಿದ್ದೇನೆಂದು ತೋರಿಸಿಕೊಳ್ಳುವ ಬಗೆ ಅದು. ಹವ್ಯಾಸಿಗಳ ಮೊದಲ ಪಾಠವೂ ದೀಪ ಮಿನುಗಿಸುವುದೇ ಆದ್ದರಿಂದ, ಮಿನುಗಿದ್ದು ಯಾರ ಪ್ರತಾಪ ಎಂಬ ಗೊಂದಲಕ್ಕೆ 'ಕರ್ತೃತ್ವ ಸಂದಿಗ್ಧತೆ' ಎಂದು ನಾಮಕರಣ ಮಾಡಲಾಗಿದೆ.

ಇಎಸ್‌ಪಿ32ರ ಹತ್ತಿರ ಬಂದಾಗ ತಮಾಷೆ ನಿಲ್ಲುತ್ತದೆ. ಆ ಸರಣಿಯ ಮೂಲ ಚಿಪ್ಪಿನ ರೋಮ್‌ನಲ್ಲೇ ಒಂದು ಪುಟ್ಟ ಬೇಸಿಕ್ ಇದೆ. ಫ್ಲ್ಯಾಶ್ ಖಾಲಿಯಿದ್ದರೆ ತಾನಾಗಿ ಎದ್ದುಕೊಳ್ಳುತ್ತದೆ. ಚಿಪ್ ತಯಾರಕರ ಸಾಫ್ಟ್‌ವೇರ್ ಕಿಟ್ಟಿನಲ್ಲಿ ಒಂದು ಆಯ್ಕೆಯಿದೆ. ಅದನ್ನು ಆರಿಸಿದರೆ, ಪ್ರೋಗ್ರಾಂ ಮೊದಲ ಸಲ ಶುರುವಾಗುವಾಗ ಒಳಗಿನ ಫ್ಯೂಸ್ ಸುಟ್ಟು ಆ ಬೇಸಿಕ್ಕಿನ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ. ಅಂಗಡಿಯಲ್ಲಿ ಮಾರುವ ಬೀಗಕ್ಕೆ, ಕ್ಯಾಮೆರಾಕ್ಕೆ ಇಂಥ ಭದ್ರತೆ ಬೇಕು, ಸರಿ. ಹತ್ತು ವರ್ಷದ ಹುಡುಗಿ ಕಲಿಯಲೆಂದು ಹಿಡಿದ ಬೋರ್ಡಿಗೂ ಬೇಕೇ?

ಹಿಂದೆ ಹೀಗಿರಲಿಲ್ಲ. 1984–85ರಲ್ಲಿ ಕ್ಲಾಸ್ ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬಂತು. ಅದರ ರ್‍ಯಾಮ್ 32 ಕೆಬಿ. ಸ್ವಿಚ್ ಹಾಕಿದರೆ 'ಬೀಪ್' ಎನ್ನುತ್ತಿತ್ತು, ಮರುಕ್ಷಣ ಬೇಸಿಕ್ ಸಿದ್ಧ. ಇಂದು ನಾಲ್ಕು ಡಾಲರಿನ ಪಿಕೊದಲ್ಲಿ 264 ಕೆಬಿ ಇದೆ. ಎಂಟು ಪಟ್ಟು ರ್‍ಯಾಮ್ ಇಟ್ಟುಕೊಂಡೂ ಯಂತ್ರದ ಮೊದಲ ಮಾತಿಗೆ ಒಂದು ಸಂಜೆ ತೆರಬೇಕಾಗಿದೆ. ಆ ಸಂಜೆ ಮುಗಿಯುವ ಹೊತ್ತಿಗೆ ಮಕ್ಕಳು ಬೋರ್ಡನ್ನು ಡ್ರಾಯರಿಗೆ ಸೇರಿಸಿ 'ನನಗಿದು ಆಗಿಬರಲ್ಲ' ಎಂದುಬಿಡುತ್ತಾರೆ. ಅವರ ತಲೆಯಲ್ಲಿ ಕೊರತೆಯೇನಿಲ್ಲ, ಕೇಬಲ್ಲಿನಲ್ಲಿ ಎರಡು ತಂತಿ ಇರಲಿಲ್ಲ ಅಷ್ಟೆ. ಅದನ್ನು ಅವರಿಗೆ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಡೇಟಾ ತಂತಿ ಇದೆಯೋ ಇಲ್ಲವೋ ಎಂಬುದನ್ನು ಕೇಬಲ್ ಮಾಡುವವರು ಅದರ ತುದಿಯಲ್ಲೇ ಅಚ್ಚು ಹಾಕಲಿ. ಇಂಟರ್‌ಪ್ರಿಟರ್ ಬರೆಯುವವರು ಬಾಡ್ ರೇಟು ಎಷ್ಟು, ಸಾಲು ಹೇಗೆ ಮುಗಿಯಬೇಕು ಎಂಬುದನ್ನು ಸೂಚನೆಯ ಮೊದಲ ಸಾಲಿನಲ್ಲೇ ಹೇಳಲಿ.