ಕ್ರುಮ್ಲೊವ್‌ನ ಕಾಯಂ ನಿವಾಸಿ ಯಾರು? ಒಂದು ಶಾಸ್ತ್ರೀಯ ವಿಚಾರಣೆ

ಪೀಠಿಕೆ

ಝೆಕ್ ದೇಶದ ದಕ್ಷಿಣ ಭಾಗದಲ್ಲಿ ವ್ಲ್ತವಾ ನದಿ ಚೆಸ್ಕಿ ಕ್ರುಮ್ಲೊವ್ ಎಂಬ ಪುಟ್ಟ ಊರನ್ನು ಬಳಸಿಕೊಂಡು ಹರಿಯುತ್ತದೆ. ನೇರವಾಗಿ ಹೋಗಬಹುದಿತ್ತು, ಹೋಗಿಲ್ಲ. ಪರಿಣಾಮವಾಗಿ, ಊರ ಚೌಕದಿಂದ ಎಡಕ್ಕೆ ಇಳಿದರೂ ಹೊಳೆ, ಬಲಕ್ಕೆ ಇಳಿದರೂ ಅದೇ ಹೊಳೆ. ಇಲ್ಲಿ ದಾರಿ ತಪ್ಪುವುದು ತರ್ಕಶಾಸ್ತ್ರದ ಪ್ರಕಾರ ಅಸಾಧ್ಯ. ಆದರೂ ಕೈಯಲ್ಲಿ ನಕ್ಷೆ ಹಿಡಿದು ಕಂಗಾಲಾಗಿ ನಿಂತವರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. 1992ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನಸಂಖ್ಯೆ ಸುಮಾರು 13,000. ಹಗಲಲ್ಲಿ ಹಳೆಯ ಓಣಿಗಳನ್ನು ತುಂಬಿದವರಲ್ಲಿ ಈ ಲೆಕ್ಕಕ್ಕೆ ಸೇರಿದವರು ಕಾಣುವುದೇ ಅಪರೂಪ. ಹಾಗಾದರೆ ಇಲ್ಲಿ ನಿಜವಾಗಿ ವಾಸವಾಗಿರುವವರು ಯಾರು?

ಮೊದಲ ಪೂರ್ವಪಕ್ಷ: ಅರಸರು

ಬಂಡೆಯ ಮೇಲೆ ಅಷ್ಟು ದೊಡ್ಡ ಕೋಟೆ ಕಟ್ಟಿದವರೇ ಕಾಯಂ ನಿವಾಸಿಗಳು ಎನ್ನುವವರಿದ್ದಾರೆ. ಪರಿಶೀಲಿಸೋಣ. ರೋಜಂಬರ್ಕ್ ಮನೆತನ 1302ರಲ್ಲಿ ಬಂದಿತು. 300 ವರ್ಷ ಆಳಿ, ಕೊನೆಗೆ ಸಾಲ ಹೆಗಲೇರಿ, 1602ರಲ್ಲಿ ಊರನ್ನೇ ಚಕ್ರವರ್ತಿ ಎರಡನೆಯ ರುಡಾಲ್ಫನಿಗೆ ಮಾರಿತು. 1622ರಲ್ಲಿ ಎಗೆನ್‌ಬರ್ಗರು, 1719ರಲ್ಲಿ ಶ್ವಾರ್ಜೆನ್‌ಬರ್ಗರು ಬಂದರು. 1947ರಲ್ಲಿ ಅವರ ಪಾಳಿಯೂ ಮುಗಿಯಿತು. ಇವರೆಲ್ಲ ದೀರ್ಘಾವಧಿಯ ಬಾಡಿಗೆದಾರರು ಎಂದಷ್ಟೇ ಹೇಳಬಹುದು. ಪಕ್ಷ ಖಂಡಿತ.

ಎರಡನೆಯ ಪೂರ್ವಪಕ್ಷ: ಚಿತ್ರಗಳು

ಕೋಟೆಯ ಅಂಗಳದಲ್ಲಿ ನಿಂತು ನೋಡಿದರೆ ಗೋಡೆ ಪೂರ್ತಿ ಕಡೆದ ಕಲ್ಲು. ಹತ್ತಿರ ಹೋಗಿ ಮುಟ್ಟಿದರೆ ನುಣುಪು ಗಾರೆ; ಕಲ್ಲಿನ ಅಂಚು, ಸಂದು, ನೆರಳು ಎಲ್ಲವೂ ಕುಂಚದ ಕೆಲಸ. ಪ್ರತ್ಯಕ್ಷವೇ ಪ್ರಮಾಣ ಎನ್ನುವ ಸಿದ್ಧಾಂತಕ್ಕೆ ಇಷ್ಟು ದೊಡ್ಡ ಪೆಟ್ಟು ಬೇರೆಲ್ಲೂ ಬಿದ್ದಿರಲಾರದು. ಒಳಗೆ ವೇಷಧಾರಿಗಳ ನೃತ್ಯಶಾಲೆ. 1748ರಲ್ಲಿ ಯೋಸೆಫ್ ಲೆಡರರ್ ಎಂಬ ಕಲಾವಿದ ಅದರ ಗೋಡೆಗಳ ತುಂಬ ಮುಖವಾಡ ತೊಟ್ಟ ಅತಿಥಿಗಳನ್ನು ಬರೆದ. ಅವರ ನಡುವೆ ಕಾಫಿ ಕುಡಿಯುತ್ತಿರುವ ತನ್ನನ್ನೂ ಬರೆದುಕೊಂಡ. ಅಂದು ಬಂದ ನೆಂಟರು ಇಂದಿಗೂ ಎದ್ದಿಲ್ಲ, ಆ ಕಾಫಿಯೂ ಮುಗಿದಿಲ್ಲ. ಕಾಯಂ ಇದ್ದಾರೆ, ಒಪ್ಪೋಣ. ಆದರೆ ಗೋಡೆ ಬಿಟ್ಟು ಇಳಿಯದವರನ್ನು ಮತದಾರರ ಪಟ್ಟಿಗೆ ಸೇರಿಸುವುದು ಕಷ್ಟ.

ಮೂರನೆಯ ಪೂರ್ವಪಕ್ಷ: ಕಲಾವಿದರು

1911ರಲ್ಲಿ ಎಗೊನ್ ಶೀಲೆ ಇಲ್ಲಿ ಬಿಡಾರ ಹೂಡಿದ. ಇದು ಅವನ ತಾಯಿಯ ತವರು. ಆದರೆ ಅವನ ಬದುಕಿನ ರೀತಿ, ರೂಪದರ್ಶಿಗಳ ಓಡಾಟ ಊರವರಿಗೆ ಸರಿಬರಲಿಲ್ಲ. ಅದೇ ವರ್ಷ ಗಂಟುಮೂಟೆ ಕಟ್ಟಿಸಿದರು. ಈಗ ಹಳೆಯ ಬ್ರೂವರಿಯೊಂದರಲ್ಲಿ ಅವನ ಹೆಸರಿನ ಕಲಾಕೇಂದ್ರವಿದೆ, ಒಳಹೋಗಲು ಟಿಕೆಟ್ ಇದೆ. ಬದುಕಿದ್ದಾಗ ಓಡಿಸಿ, ಸತ್ತ ಮೇಲೆ ಫಲಕ ಹಾಕುವ ಈ ಪದ್ಧತಿ ಸಾರ್ವತ್ರಿಕವಾದ್ದರಿಂದ ವ್ಯಾಖ್ಯಾನ ಬೇಡ.

ನಾಲ್ಕನೆಯ ಪೂರ್ವಪಕ್ಷ: ಜನರು

ಇಲ್ಲಿ ಶಾಸ್ತ್ರವೇ ತಲೆಕೆಳಗಾಗುತ್ತದೆ. ಹಳೆಯ ಊರಿನ ಮನೆಗಳು ಒಂದೊಂದಾಗಿ ವಸತಿಗೃಹಗಳಾದವು. 2018ರ ಬೇಸಿಗೆಯಲ್ಲಿ ಕಲಾವಿದೆ ಕಾಟೆರ್ಝಿನಾ ಶೆಡಾ ಒಂದು ಯೋಜನೆ ಹೂಡಿದರು: ಜನರನ್ನು ಸಂಬಳಕ್ಕೆ ಗೊತ್ತುಮಾಡಿ ಊರೊಳಗೆ ಇರಿಸಿದರು. ಅವರ ಕೆಲಸ ಒಂದೇ, ಮಾಮೂಲಿ ಬದುಕು ಬದುಕುವುದು. ಬಟ್ಟೆ ಒಣಹಾಕುವುದೂ ನೌಕರಿಯಾಯಿತು. ವೆನಿಸ್ ಬಿಯೆನಾಲೆ ಪ್ರದರ್ಶನಕ್ಕಾಗಿ ನಡೆದ ಈ ಯೋಜನೆಯನ್ನು ಅಣಕಿಸಲು ಪ್ರಬಂಧಕಾರ ಶಕ್ತನಲ್ಲ. ಅದು ತಾನೇ ಅಣಕವಾಗಿ, ಜೊತೆಗೆ ನಿಜವೂ ಆಗಿಬಿಟ್ಟಿದೆ. ಮರುವರ್ಷದಿಂದ ನಗರಾಡಳಿತ ಪ್ರವಾಸಿ ಬಸ್ಸುಗಳಿಗೆ ಶುಲ್ಕ ವಿಧಿಸಿತು.

ಸಿದ್ಧಾಂತ

ಉಳಿದವು ಕರಡಿಗಳು. ರೋಜಂಬರ್ಕರು ತಮಗೆ ಹೆಸರಲ್ಲೇ ಕರಡಿಯಿರುವ ಇಟಲಿಯ ಓರ್ಸಿನಿ ಮನೆತನದ ನಂಟಿದೆ ಎಂದು ಹೇಳಿಕೊಂಡು ಕರಡಿಯನ್ನು ಲಾಂಛನಕ್ಕೆ ತಂದರು. ನಂಟು ಕಲ್ಪಿತ, ಕರಡಿ ಮಾತ್ರ ನಿಜ. ಹದಿನೆಂಟನೆಯ ಶತಮಾನದ ಆರಂಭದಿಂದ, ನಡುವೆ ಬಿಡುವಿದ್ದರೂ, ಕೋಟೆಯ ಕಂದಕದಲ್ಲಿ ಕರಡಿ ಸಾಕುತ್ತ ಬಂದಿದ್ದಾರೆ. ಅವು ವೇಷ ತೊಡುವುದಿಲ್ಲ, ಕೋಣೆ ಬಾಡಿಗೆಗೆ ಕೊಡುವುದಿಲ್ಲ, ಜನ ಕೂಗಿದರೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಕ್ರುಮ್ಲೊವ್‌ನ ಕಾಯಂ ನಿವಾಸಿಗಳು ಅವೇ ಎಂದು ಸಿದ್ಧವಾಯಿತು.

ಓದುಗರಲ್ಲಿ ವಿಜ್ಞಾಪನೆ

ಅಲ್ಲಿಗೆ ಹೋಗುವವರು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಓಡಬೇಡಿ. ಒಂದು ರಾತ್ರಿ ಉಳಿಯಿರಿ. ಕೋಟೆಯ ಗೋಪುರದ 162 ಮೆಟ್ಟಿಲನ್ನು ನಿಧಾನವಾಗಿ ಹತ್ತಿ. ಕಿಟಕಿಯಲ್ಲಿ ಯಾರಾದರೂ ಬಟ್ಟೆ ಒಣಹಾಕುತ್ತಿದ್ದರೆ ಫೋಟೊ ತೆಗೆಯದೆ ಮುಂದೆ ನಡೆಯಿರಿ. ಅವರು ಸಂಬಳವಿಲ್ಲದೆಯೇ ಒಣಹಾಕುತ್ತಿರಬಹುದು.