ಬಿಡದಿಯವರೆಗಿನ ದಂಡಯಾತ್ರೆ

ಬೆಂಗಳೂರಿನ ಯಾವ ದೊಡ್ಡ ಸಿಗ್ನಲ್ಲಿನಲ್ಲಿ ನಿಂತರೂ ಈ ಮಹಾಶಯ ಕಣ್ಣಿಗೆ ಬೀಳುತ್ತಾನೆ. ಬೈಕು 150 ಸಿಸಿಯದೋ 350 ಸಿಸಿಯದೋ. ಡಾಂಬರು ರಸ್ತೆಯಲ್ಲಿ ಓಡಲೆಂದೇ ಕಂಪನಿಯವರು ಮಾಡಿ ಕಳಿಸಿದ ಸಾಧು ಗಾಡಿ. ಆದರೆ ಮಡ್‌ಗಾರ್ಡಿನ ಕೆಳಗೆ ಕಣ್ಣು ಹಾಯಿಸಿದರೆ ಅಲ್ಲಿ ಬೇರೆಯೇ ಪುರಾಣ: ಹೆಬ್ಬೆರಳು ಗಾತ್ರದ ಗುಬುಟುಗಳೆದ್ದ ಅಗಲವಾದ ಬಟನ್ ಟೈರು. ಹ್ಯಾಂಡಲ್ಲಿಗೆ ಲಡಾಖಿನ ಬಣ್ಣಬಣ್ಣದ ಪತಾಕೆ, ಹಿಂಬದಿಗೆ ಪೆಟ್ರೋಲ್ ಕ್ಯಾನು ಕಟ್ಟಲು ಕಬ್ಬಿಣದ ಚೌಕಟ್ಟು (ಕ್ಯಾನು ಇನ್ನೂ ಬಂದಿಲ್ಲ), ಬೆನ್ನ ಮೇಲೆ ಲ್ಯಾಪ್‌ಟಾಪ್ ಚೀಲ. ಹಸಿರು ದೀಪ ಬಿದ್ದೊಡನೆ ಗುಂಯ್‌ಗುಡುತ್ತ ಫ್ಲೈಓವರ್ ಏರುತ್ತಾನೆ. ಮನೆಯಲ್ಲಿ ಅಪ್ಪ, “ವೀಲ್ ಬೇರಿಂಗ್ ಹೋದಂಗಿದೆ, ಮೆಕ್ಯಾನಿಕ್‌ಗೆ ತೋರ್ಸೋ” ಅಂದರೆ, “ಇಲ್ಲಪ್ಪಾ, ಅದು ಆಫ್‌ರೋಡ್ ಟೈರಿನ ಸೌಂಡು” ಎಂದು ಹೆಮ್ಮೆಯಿಂದ ತಿದ್ದುತ್ತಾನೆ. “ಮೈಲೇಜ್ ಎಷ್ಟು ಕೊಡ್ತಿದೆ?” ಎಂಬ ಮುಂದಿನ ಪ್ರಶ್ನೆಗೆ ಮಾತ್ರ ಇವನಿಗೆ ತಕ್ಷಣ ಯಾವುದೋ ಫೋನು ಬರುತ್ತದೆ. ಇವನನ್ನು ನೋಡಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಇವನ ವಾದವನ್ನು ಅದರ ಮಟ್ಟದಲ್ಲೇ, ಅಂದರೆ ನೆಲಮಟ್ಟದಲ್ಲೇ, ಪರೀಕ್ಷಿಸುವುದು ನ್ಯಾಯ.

ವಾದ ಒಂದೇ ಪದದ್ದು: ಗ್ರಿಪ್. ಟೈರು ಅಗಲವಾದಷ್ಟೂ ನೆಲಕ್ಕೆ ತಾಗುವ ರಬ್ಬರು ಹೆಚ್ಚು, ರಬ್ಬರು ಹೆಚ್ಚಾದಷ್ಟೂ ಹಿಡಿತ ಹೆಚ್ಚು ಎಂಬುದು ಇವನ ನಂಬಿಕೆ. ಕೇಳಲು ಸರಿಯೆನಿಸುತ್ತದೆ. ಆದರೆ ಗಾಡಿಯ ಭಾರವನ್ನು ಹೊತ್ತಿರುವುದು ಬಹುಪಾಲು ಟೈರಿನೊಳಗಿನ ಗಾಳಿ. ಭಾರ ಅಷ್ಟೇ, ಗಾಳಿಯ ಒತ್ತಡವೂ ಅಷ್ಟೇ ಎಂದಮೇಲೆ ನೆಲಕ್ಕೆ ತಾಗುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೊದಲು ಉದ್ದುದ್ದಕ್ಕೆ ತಾಗುತ್ತಿದ್ದದ್ದು ಈಗ ಅಡ್ಡಡ್ಡಕ್ಕೆ ತಾಗುತ್ತದೆ. ಅದರಲ್ಲೂ ಇದು ಬಟನ್ ಟೈರು. ಬಟನ್ನು ಬಟನ್ನಿನ ನಡುವೆ ಖಾಲಿ ಬಿಟ್ಟಿರುವುದು ಯಾಕೆಂದರೆ ಕೆಸರಿನಲ್ಲಿ ಅವು ಹೂತು ಕಚ್ಚಿಕೊಳ್ಳಲಿ ಎಂದು. ಡಾಂಬರು ಹೂತುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಇಡೀ ಗಾಡಿ ಕೆಲವೇ ಬಟನ್ನುಗಳ ತುದಿಗಾಲಲ್ಲಿ ನಿಲ್ಲುತ್ತದೆ, ಬ್ರೇಕು ಒತ್ತಿದಾಗ ಒಂದೊಂದು ಬಟನ್ನೂ ಬಾಗುತ್ತದೆ, ಮಳೆ ಬಿದ್ದ ತಿರುವಿನಲ್ಲಿ ಸವಾರನ ಮುಖದ ಕಳೆಯೂ ಸ್ವಲ್ಪ ಬದಲಾಗುತ್ತದೆ. ಗ್ರಿಪ್ಪಿಗೆಂದು ಹಾಕಿಸಿದ ಟೈರು ತಾನು ದಿನನಿತ್ಯ ಓಡುವ ರಸ್ತೆಯಲ್ಲೇ ಗ್ರಿಪ್ಪು ಕಳೆದುಕೊಂಡಿತು.

ಇನ್ನು ಅಳತೆಯ ವಿಷಯ. ಟೈರಿನ ಪಕ್ಕದಲ್ಲಿ 110/90-18 ಎಂದು ಬರೆದಿದ್ದರೆ ಅಗಲ 110 ಮಿಲಿಮೀಟರ್, ಎತ್ತರ ಅದರ ಶೇಕಡಾ 90, ಅಂದರೆ 99 ಮಿಲಿಮೀಟರ್, ರಿಮ್ಮು 18 ಇಂಚಿನದು. ನಮ್ಮವನಿಗೆ 130 ಬೇಕು. ಅಂಗಡಿಯವನು “ಕೂರತ್ತೆ ಸಾರ್” ಅನ್ನುತ್ತಾನೆ. ಕೂರುವುದೇನೋ ನಿಜ, ಪುಣ್ಯಾತ್ಮ ಸುಳ್ಳು ಹೇಳಿಲ್ಲ. ಆದರೆ ಒಂದೊಂದು ಟೈರಿಗೂ ಇಷ್ಟು ಅಗಲದ ರಿಮ್ಮೇ ಬೇಕೆಂದು ತಯಾರಕರು ನಿಗದಿ ಮಾಡಿರುತ್ತಾರೆ. ಕಿರಿದಾದ ರಿಮ್ಮಿಗೆ ಅಗಲ ಟೈರು ತುರುಕಿದರೆ ಅಂಚುಗಳು ಒಳಕ್ಕೆ ಚಿವುಟಿಕೊಂಡು ನೆತ್ತಿ ಉಬ್ಬುತ್ತದೆ. ನೇರ ಓಡುವಾಗ ನೆಲಕ್ಕೆ ತಾಗುವುದು ಆ ನೆತ್ತಿಯೊಂದೇ. ದುಡ್ಡು ಕೊಟ್ಟು ಕೊಂಡ ಹೆಚ್ಚುವರಿ 20 ಮಿಲಿಮೀಟರಿನ ಸಂಪೂರ್ಣ ಪ್ರಯೋಜನ ಹಿಂದಿನ ಗಾಡಿಯವನ ಕಣ್ಣಿಗೆ. ಒಂದು ಪಕ್ಕದಲ್ಲಿ ಚೈನು ಸವರುತ್ತದೆ, ಇನ್ನೊಂದು ಪಕ್ಕದಲ್ಲಿ ಸ್ವಿಂಗ್ ಆರ್ಮು. ಹೋಗಲಿ, ಮಧ್ಯಮಮಾರ್ಗವೆಂದು 120/90-18 ಹಾಕಿಸಿದರೂ ಚಕ್ರದ ವ್ಯಾಸ 655ರಿಂದ 673 ಮಿಲಿಮೀಟರಿಗೆ ಏರುತ್ತದೆ, ಪಿಕಪ್ಪು ಮಂಕಾಗುತ್ತದೆ. ವೇಗದ ಮೀಟರು ಆ ಚಕ್ರದ ಸುತ್ತನ್ನೇ ಎಣಿಸುವಂಥದ್ದಾದರೆ ಓಡಿದ ದೂರವೂ ಮೊದಲಿಗಿಂತ ಕಡಿಮೆ ತೋರಿ, ಇಳಿದ ಮೈಲೇಜು ಲೆಕ್ಕದಲ್ಲಿ ಇನ್ನಷ್ಟು ಇಳಿಯುತ್ತದೆ. ಅಪ್ಪನ ಪ್ರಶ್ನೆಗೆ ಫೋನು ಬರುವುದು ಸುಮ್ಮನೆ ಅಲ್ಲ.

ಇಷ್ಟಾದರೂ ಕೆಸರು ಕಲ್ಲಿನ ದಾರಿಗೆ ಅಗಲ ಟೈರೇ ಬೇಕಲ್ಲವೇ ಎಂದರೆ, ಆ ದಾರಿಯಲ್ಲಿ ನಿಜವಾಗಿ ಓಡಾಡುವವರನ್ನು ನೋಡಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಏರಿನಲ್ಲಿ ಗೊಬ್ಬರದ ಮೂಟೆ ಕಾಲಸಂದಿಯಲ್ಲಿಟ್ಟುಕೊಂಡು ಹತ್ತುವ ಟಿವಿಎಸ್ ಎಕ್ಸೆಲ್‌ನ ಟೈರು 2.50-16, ಅಂದರೆ ಎರಡೂವರೆ ಇಂಚು ಅಗಲ. ಸವಾರನಿಗೆ ಮೊಣಕಾಲಿನ ಕವಚವಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ, ತುಟಿಯಲ್ಲಿ ಬೀಡಿ. ತಾನು ಮಾಡುತ್ತಿರುವುದು ಆಫ್‌ರೋಡಿಂಗ್ ಎಂಬ ಸುದ್ದಿ ಅವನಿಗಿನ್ನೂ ತಲುಪಿಲ್ಲ. ಅವನದು ಬಡತನದ ಅನಿವಾರ್ಯ, ಉದಾಹರಣೆ ಆಗದು ಎನ್ನುವವರು ಕಾಡುದಾರಿಗೆಂದೇ ಮಾಡಿದ ಗಾಡಿಗಳನ್ನು ನೋಡಲಿ. ಹೀರೋ ಎಕ್ಸ್‌ಪಲ್ಸ್ 200ರ ಮುಂದಿನ ಟೈರು 90/90-21. ಹಳೆಯ 411 ಸಿಸಿ ಹಿಮಾಲಯನ್‌ಗೂ ಅದೇ. ಮೋಟೋಕ್ರಾಸ್ ಪಂದ್ಯದ ಗಾಡಿಗಳಲ್ಲಿ ಮುಂದಿನದು ಸಾಮಾನ್ಯವಾಗಿ 80/100-21. ಮುಂದಿನ ಚಕ್ರ ಅಗಲದ ಬದಲು ಎತ್ತರಕ್ಕೆ ಬೆಳೆದಿದೆ: ಕಿರಿದಾಗಿದ್ದರೆ ಕೆಸರನ್ನು ಸೀಳಿ ಗಟ್ಟಿ ನೆಲ ಹುಡುಕುತ್ತದೆ, ಎತ್ತರವಾಗಿದ್ದರೆ ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ. ಮರಳಿನಲ್ಲಿ ಮಾತ್ರ ಗಾಳಿ ಇಳಿಸಿದ ಅಗಲ ಟೈರಿಗೆ ನಿಜವಾದ ಕೆಲಸವಿದೆ, ಒಪ್ಪೋಣ. ಆದರೆ ಬೆಂಗಳೂರಿನಲ್ಲಿ ಮರಳು ಇರುವುದು ಮನೆ ಕಟ್ಟಿಸುವವರ ಬಾಗಿಲಲ್ಲಿ, ಅದೂ ಈಗ ಎಂ-ಸ್ಯಾಂಡ್.

ಇಲ್ಲಿ ಇವನ ಬತ್ತಳಿಕೆಯ ಬ್ರಹ್ಮಾಸ್ತ್ರ ಹೊರಬರುತ್ತದೆ: “ಸಾರ್, ಬೆಂಗಳೂರಿನ ರೋಡೇ ಆಫ್‌ರೋಡು!” ಈ ಮಾತಿಗೆ ಚಪ್ಪಾಳೆ ಬೀಳುತ್ತದೆ, ಬೀಳಲೂ ಬೇಕು. ಆದರೆ ನಮ್ಮ ನಗರದ ಗುಂಡಿ ಕೆಸರು ನೆಲವಲ್ಲ. ಅದು ಹರಿತ ಅಂಚಿನ, ಗಟ್ಟಿ ತಳದ, ಡಾಂಬರಿನಿಂದಲೇ ಸುತ್ತುವರಿದ ಕುಳಿ. ಅಲ್ಲಿ ಬಟನ್ನಿಗೆ ಕಚ್ಚಲು ಏನೂ ಸಿಗುವುದಿಲ್ಲ. ಗುಂಡಿಯಿಂದ ಸೊಂಟ ಉಳಿಸುವುದು ಸಸ್ಪೆನ್ಷನ್ನು, ಸರಿಯಾದ ಗಾಳಿ, ಮತ್ತು ಗುಂಡಿ ಎಲ್ಲಿದೆಯೆಂಬ ಸ್ಥಳೀಯ ಜ್ಞಾನ. ಗುಂಡಿ ದಾಟಿದ ಮರುಕ್ಷಣವೇ ಬರುವ ನುಣ್ಣನೆಯ ವೈಟ್ ಟಾಪಿಂಗ್ ಮೇಲೆ ಮುಂದಿನ ಕ್ಯಾಬು ಗಕ್ಕನೆ ನಿಂತಾಗ ಬೇಕಾಗುವುದು ರಸ್ತೆ ಟೈರಿನ ರಬ್ಬರೇ. ಗುಂಡಿಗೆ ಪರಿಹಾರ ಪಾಲಿಕೆಯ ಕಡತದಲ್ಲಿದೆ, ಟೈರಂಗಡಿಯಲ್ಲಿಲ್ಲ. ಕಡತಕ್ಕಿಂತ ಟೈರು ಬೇಗ ಸಿಗುತ್ತದೆ ಎಂಬುದಷ್ಟೇ ಇವನ ಪರವಾಗಿ ಹೇಳಬಹುದಾದ ಮಾತು.

ಇವನ ಮುಖ್ಯ ದಂಡಯಾತ್ರೆ ಭಾನುವಾರ ಬೆಳಗ್ಗೆ, ಬಿಡದಿಯ ತಟ್ಟೆ ಇಡ್ಲಿಯವರೆಗೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅದೇ ಆದೇಶದಲ್ಲಿ ಟ್ರ್ಯಾಕ್ಟರುಗಳನ್ನೂ ತಡೆದಿದ್ದಾರೆ. ಟೈರು ನೋಡಿಯೇ ಒಟ್ಟಿಗೆ ಸೇರಿಸಿದರೇನೋ. ಹೀಗೆ ಸರ್ವಿಸ್ ರಸ್ತೆಗೆ ಇಳಿದಾಗ ಸಿಗುವ ಒಂದಿಷ್ಟು ಮಣ್ಣೇ ಇವನ ವಾರದ ಆಫ್‌ರೋಡು. ಇಡ್ಲಿಯ ಮುಂದೆ ಕೂತು ಹೇಳುವುದೆಲ್ಲ ಲಡಾಖಿನ ಮಾತು: “ಒಂದಿನ ಹೋಗ್ಲೇಬೇಕು ಮಗಾ, ಅದಕ್ಕೇ ಈಗ್ಲೇ ಟೈರು ರೆಡಿ.” ಬೆಂಗಳೂರಿನಿಂದ ಲೇಹ್ 3,000 ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ರಾಷ್ಟ್ರೀಯ ಹೆದ್ದಾರಿಯ ಡಾಂಬರು. ಕೆಸರಿಗೆಂದು ಮಾಡಿದ ಬಟನ್ನು ಬಿಸಿ ಡಾಂಬರಿನಲ್ಲಿ ಬೇಗ ಸವೆಯುತ್ತದೆ, ಅದೂ ನಟ್ಟನಡುವೆ. ಮಣ್ಣಿನ ದಾರಿ ಎದುರಾಗುವ ಹೊತ್ತಿಗೆ ಟೈರು ನುಣ್ಣಗಾಗಿ, ರಸ್ತೆ ಟೈರೇ ಆಗಿಬಿಟ್ಟಿರುತ್ತದೆ. ಈಗಿನಿಂದಲೇ ರೆಡಿ ಇದ್ದರಂತೂ ತುಮಕೂರು ದಾಟುವ ಮೊದಲೇ ಮುಗಿದಿರುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅಡ್ಡ ಬರುತ್ತದೆ. ಆದರೆ ಸೈಲೆನ್ಸರಿಗೆ ಕಿವಿ ಕೊಡುವಷ್ಟು ಟ್ರಾಫಿಕ್ ಪೊಲೀಸರು ಟೈರಿಗೆ ಕಣ್ಣು ಕೊಡುವುದಿಲ್ಲ, ಹಾಗಾಗಿ ಅದನ್ನು ಅಲ್ಲಿಗೇ ಬಿಡೋಣ.

ಕೊನೆಗೆ ಉಳಿಯುವ ಸಮರ್ಥನೆ ಒಂದೇ: ನೋಡಲು ಚೆನ್ನಾಗಿದೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ದಪ್ಪ ಟೈರಿನ ಗಾಡಿ ನಿಂತಾಗ ಭರ್ಜರಿಯಾಗಿಯೇ ಕಾಣುತ್ತದೆ. ನಮ್ಮ ಟ್ರಾಫಿಕ್ಕಿನಲ್ಲಿ ಗಾಡಿ ನಿಂತೇ ಇರುತ್ತದೆಯಾದ್ದರಿಂದ ಆ ಲಾಭವೂ ಸಣ್ಣದಲ್ಲ. ವಾರವಿಡೀ ಮೀಟಿಂಗುಗಳಲ್ಲಿ ತಲೆಯಾಡಿಸಿದವನು ಬೇಸ್‌ಮೆಂಟಿಗೆ ಇಳಿದು ಆ ಟೈರನ್ನು ಒಮ್ಮೆ ನೋಡಿ ಎದೆಯುಬ್ಬಿಸಿದರೆ ಯಾರ ಗಂಟೇನು ಹೋಗುತ್ತದೆ? ತಕರಾರು ಇರುವುದು ಆಸೆಯ ಬಗ್ಗೆ ಅಲ್ಲ, ಅದಕ್ಕೆ ಗ್ರಿಪ್ಪಿನ ಹೆಸರಿಡುವುದರ ಬಗ್ಗೆ. ಅದನ್ನೂ ಅವನು ಒಂದು ದಿನ ತಾನಾಗಿಯೇ ಒಪ್ಪಿಕೊಳ್ಳುತ್ತಾನೆ. ಮದುವೆಯಾಗಿ, ಕಾರಿನ ಸಾಲಕ್ಕೆ ಸಹಿ ಬಿದ್ದಮೇಲೆ, ಅಟ್ಟದಲ್ಲಿ ಗೋಣಿ ಸುತ್ತಿಟ್ಟಿದ್ದ ಕಂಪನಿ ಟೈರುಗಳು ಕೆಳಗಿಳಿದು ರಿಮ್ಮು ಸೇರುತ್ತವೆ. ಪತಾಕೆ ಬಿಚ್ಚಿ ಗಾಡಿ ತೊಳೆಸಿ ಫೋಟೋ ತೆಗೆದು, ಮಾರಾಟದ ಜಾಹೀರಾತಿನಲ್ಲಿ ಕೈಯಾರೆ ಬರೆಯುತ್ತಾನೆ: “ಒಬ್ಬರೇ ಓನರ್, ಕಂಪನಿ ಟೈರು, ಮನೆ–ಆಫೀಸು ಬಿಟ್ಟರೆ ಬೇರೆಲ್ಲೂ ಓಡಿಸಿಲ್ಲ.”